ಗೆರೆಯಾಚೆಯ ದೇವೀರಿ

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಕಟ್ಟಿರದ ಕಾಲದಲ್ಲಿ, ಒಂದೂರಿತ್ತು. ಮೆಳೆಕೊಪ್ಪಲು ಅಂತ ಅದರ ಹೆಸರು. ಊರ ಬಗಲಿಗೆ ಬಿದಿರು ಮೆಳೆ, ಮೆಳೆಗೆ ಒತ್ತಿಕೊಂಡು ಮೇದರ ಬೀದಿ, ಬೀದಿಯ ಕೊನೇ ಮನೆಯಲ್ಲಿ ಕೇತಯ್ಯ ಅಂತ ಒಬ್ಬನಿದ್ದ. ಬುಟ್ಟಿ ಹೆಣೆಯುವವನು. ನಿಮಗೆಲ್ಲ ಗೊತ್ತಿರುವುದು ಅವನ ಮಗಳು ದೇವೀರಿಯ ಹೆಸರು. ಆದರೆ ಮಗಳ ಕಥೆ ಹುಟ್ಟಿದ್ದು ಅಪ್ಪನ ಕಥೆಯ ಹೊಟ್ಟೆಯಲ್ಲಿ. ಅದಕ್ಕೇ ಅವನಿಂದಲೇ ಹೇಳುತ್ತೇನೆ, ಕೇಳಿ.

ಎಲ್ಲಿಂದಲೋ ಒಬ್ಬ ಪಾದ್ರಿ ಆ ಊರಿಗೆ ಬಂದನಂತೆ. ಬಂದವನು ಸ್ಕೂಲು ಕಟ್ಟಿದ. ಸ್ಕೂಲು ಕಟ್ಟಿದವನು ಕುಂಬಳಕಾಯಿ ಗಾತ್ರದ ಒಂದು ತೊಗಲಿನ ಚೆಂಡು ತಂದ. ಚೆಂಡು ತಂದವನು ಕೇತಯ್ಯನ ಮನೆ ಬಾಗಿಲಿಗೆ ಬಂದು ಎರಡು ಬುಟ್ಟಿ ಹೆಣೆದುಕೊಡು ಅಂದ. ಎಷ್ಟು ಕಾಳು ಹಿಡಿಯಬೇಕು ಅಂತ ಕೇತಯ್ಯ ಕೇಳಿದ. ಕಾಳು ಬೇಡ, ಒಂದು ಚೆಂಡು ಹಿಡಿದರೆ ಸಾಕು ಅಂದನಂತೆ ಪಾದ್ರಿ.

ಹೀಗೆ ಮೆಳೆಕೊಪ್ಪಲಿಗೆ ಬುಟ್ಟಿಚೆಂಡು ಬಂತು. ಬಯಲಿನ ಆ ತುದಿಗೊಂದು ಕಂಬ, ಈ ತುದಿಗೊಂದು ಕಂಬ, ಕಂಬದ ತಲೆಗೆ ಕೇತಯ್ಯನ ಬುಟ್ಟಿ. ಈಗ ನೀವು ನೋಡುವ ಆಟವಲ್ಲ ಅದು. ಈಗ ಚೆಂಡು ಮಗ್ಗದ ಲಾಳಿಯ ಹಾಗೆ ಆ ಕಡೆ ಈ ಕಡೆ ಓಡುತ್ತದೆ. ಆಗ ಬುಟ್ಟಿಗೆ ತಳವಿತ್ತು. ಚೆಂಡು ಬಿದ್ದರೆ ಬುಟ್ಟಿಯೊಳಗೇ ಕೂತುಬಿಡುತ್ತಿತ್ತು. ಏಣಿ ತರಬೇಕು, ಒಬ್ಬ ಹತ್ತಬೇಕು, ಚೆಂಡು ತೆಗೆಯಬೇಕು. ಅಷ್ಟರೊಳಗೆ ಆಡುವವರು ನೆರಳಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಬೈದಾಡಿಕೊಂಡವರು ಏಣಿ ಎತ್ತುವಷ್ಟರಲ್ಲಿ ಮಾತಾಡಿಕೊಂಡುಬಿಡುತ್ತಿದ್ದರಂತೆ.

ಚೆಂಡು ಕೆಳಗೆ ಬಂದ ಮೇಲೆ ಅದನ್ನು ಬಯಲಿನ ನಡುಮಧ್ಯಕ್ಕೆ ತರಬೇಕಾಗಿತ್ತು. ಅಲ್ಲಿ ಸುಣ್ಣದಲ್ಲಿ ಬರೆದ ಒಂದು ದುಂಡು. ದುಂಡಿನೊಳಗೆ ಎರಡು ಕಡೆಯವರು ಒಬ್ಬೊಬ್ಬರು ಎದುರುಬದುರು. ಪಾದ್ರಿ ಚೆಂಡನ್ನು ಮೇಲಕ್ಕೆ ಎಸೆಯುವನು, ಇಬ್ಬರೂ ನೆಗೆಯುವರು, ಯಾರ ಕೈಗೆ ತಾಗಿತೋ ಅವರ ಕಡೆಗೆ ಚೆಂಡು. ಒಂದೊಂದು ಬುಟ್ಟಿ ಬಿದ್ದಾಗಲೂ ಹೀಗೆಯೇ.

ಆ ದುಂಡಿನಲ್ಲಿ ಕೇತಯ್ಯನನ್ನು ಮೀರಿಸುವವನು ಹುಟ್ಟಿರಲಿಲ್ಲ ಅಂತಾರೆ. ಅವನು ನೆಗೆದು ಇಳಿಯುವಷ್ಟರಲ್ಲಿ ಎದುರಿನವನು ಎಲೆಗೆ ಸುಣ್ಣ ಹಚ್ಚಿ ಮಡಿಚಿ ಬಾಯಿಗೆ ಇಟ್ಟಿರುತ್ತಿದ್ದನಂತೆ. ಒಂದು ಸಂಜೆ ನೆಗೆದವನು ಹೊಳೆಯಾಚೆಯ ಸಿಂಗೇನಹಳ್ಳಿಯಲ್ಲಿ ಯಾರ ಯಾರ ದನ ಮನೆಗೆ ಬಂದವು ಅಂತ ನೋಡಿಕೊಂಡು ಇಳಿದನಂತೆ. ಇರಲಿ. ಜನ ಹೇಳುತ್ತಾರೆ. ನಿಜ ಇಷ್ಟು: ಅವನಿಗೆ ನೆಗೆಯುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಓಡಿದರೆ ಬಾತುಕೋಳಿ ಓಡಿದ ಹಾಗೆ. ಎಸೆದರೆ ಚೆಂಡು ಮೆಳೆಯೊಳಕ್ಕೆ. ಆದರೆ ಆ ದುಂಡಿನೊಳಗೆ ನಿಂತಾಗ ಊರಿಗೂರೇ ಬಾಯಿ ಮುಚ್ಚಿ ಅವನ ಕಾಲನ್ನೇ ನೋಡುತ್ತಿತ್ತು. ಊರ ಕೊನೇ ಮನೆಯವನನ್ನು ಆ ಹೊತ್ತು ಪಟೇಲರ ಮಗನೂ ಕೇತಣ್ಣ ಅನ್ನುತ್ತಿದ್ದ. ಬದುಕಿಗೆ ಅಷ್ಟು ಸಾಕು ಅಂದುಕೊಂಡಿದ್ದ ಅವನು.

ಪಾದ್ರಿ ತೀರಿಕೊಂಡ. ಪಟ್ಟಣದಿಂದ ಶ್ರೀಕಂಠಯ್ಯ ಅಂತ ಮೇಷ್ಟ್ರು ಬಂದರು. ಕೆಟ್ಟವರಲ್ಲ, ಆಟ ಅಂದರೆ ಪ್ರಾಣ. ಬಂದವರು ಮೊದಲು ಕೇತಯ್ಯನನ್ನು ಕರೆಸಿದರು.

"ಏಣಿ ಹತ್ತಿ ಇಳಿಯೋದ್ರಲ್ಲೇ ಹೊತ್ತು ಮುಳುಗುತ್ತೆ ಕೇತಯ್ಯ. ಬುಟ್ಟಿ ತಳ ಕೊಯ್ದುಬಿಡು" ಅಂದರು.

ಮೇದರವನಿಗೆ ಆಡುವ ಮಾತೇ ಅದು? ಸತ್ತರೂ ತಳವಿಲ್ಲದ ಬುಟ್ಟಿ ಹೆಣೆಯಬಾರದು ಅನ್ನುವ ಕುಲ. ಆದರೂ ಬೇರೆಯವರ ಕೈಯಲ್ಲಿ ಕೊಯ್ಯಿಸಲು ಮನಸ್ಸು ಬರದೆ, ತಾನೇ ಏಣಿ ಹತ್ತಿ ತನ್ನ ಕತ್ತಿಯಲ್ಲೇ ಕೊಯ್ದ. ಮುಂದಿನ ಸುಗ್ಗಿಗೆ ಆ ಬುಟ್ಟಿಯೂ ಹೋಗಿ ಕಬ್ಬಿಣದ ಬಳೆ ಬಂತು. ಕೇತಯ್ಯ ಅದನ್ನೂ ನುಂಗಿಕೊಂಡ. ಬುಟ್ಟಿ ಹೋದರೆ ಹೋಗಲಿ, ದುಂಡು ಇದೆಯಲ್ಲ ಅಂದುಕೊಂಡ.

ಆಮೇಲೆ ದುಂಡೂ ಹೋಯಿತು. ಸುಣ್ಣದ ಗುರುತು ಅಲ್ಲೇ ಇತ್ತು, ಅದರ ಕೆಲಸ ಹೋಯಿತು. ಇನ್ನು ಮೇಲೆ ಬುಟ್ಟಿ ಬಿದ್ದಾಗಲೆಲ್ಲ ಚೆಂಡನ್ನು ನಡುವಿಗೆ ತರುವ ಹಾಗಿಲ್ಲ, ಆಟದ ಶುರುವಿಗೆ ಒಂದೇ ಸಲ ನೆಗೆತ, ಪಟ್ಟಣದಲ್ಲೆಲ್ಲ ಹಾಗೇ ಆಗಿದೆ ಅಂತ ಮೇಷ್ಟ್ರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು.

"ಆಮೇಲೆ ನಾನೇನ್ ಮಾಡ್ಲಿ ಮೇಷ್ಟ್ರೇ?" ಅಂದ ಕೇತಯ್ಯ.

"ಎಲ್ಲಾರ ಹಾಗೆ ಓಡು."

ಓಡಿದ. ಜನ ನಕ್ಕರು. ಒಂದಷ್ಟು ದಿನ ಶುರುವಿಗೆ ಒಂದು ಸಲ ನೆಗೆದು, ಬಯಲಿನ ಅಂಚಿನ ಗೆರೆಯಾಚೆ ಬಂದು ಕೂರುತ್ತಿದ್ದ. ಒಂದು ದಿನ ಅದಕ್ಕೂ ಹೋಗಲಿಲ್ಲ. ಯಾರಾದರೂ ಕರೆಯಲು ಬರುತ್ತಾರೇನೋ ಅಂತ ಮನೆಯಲ್ಲೇ ಆಟಕ್ಕೆ ಹೊರಟವನ ಹಾಗೆ ಪಂಚೆ ಕಟ್ಟಿಕೊಂಡು ಕಾದ. ಯಾರೂ ಬರಲಿಲ್ಲ.

ಆವತ್ತಿನಿಂದ ಅವನು ಒಂದೇ ಮಾತನ್ನು ಮಗಳ ಕಿವಿಯಲ್ಲಿ ಊದುತ್ತಾ ಬಂದ. ಆಟ ಹೇಳಿದ ಹಾಗೆ ಕೇಳಬೇಕು, ಕೇಳದವರಿಗೆ ಆಟದಲ್ಲಿ ಜಾಗವಿಲ್ಲ ಅಂತ.

ಮಗಳು ದೇವೀರಿ. ತಾಯಿಯಿಲ್ಲದ ಕೂಸು. ಅಪ್ಪ ಬಯಲಿನ ಗೆರೆಯಾಚೆ ಹೊಂಗೆಮರದ ಬುಡದಲ್ಲಿ ಕೂತು ಮೊರ ಹೆಣೆಯುವಾಗ ಅವಳೂ ಪಕ್ಕದಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ಹೊರಗೆ ಉರುಳಿ ಬಂದ ಚೆಂಡನ್ನು ಎದ್ದು ಹೋಗಿ ಕೊಡುವ ಬದಲು ಅಲ್ಲಿಂದಲೇ ಎಸೆಯುತ್ತಿದ್ದಳು. ಮೊರದಲ್ಲಿ ಕಾಳು ಹಾರಿಸಿದ ಹಾಗೆ ಚೆಂಡು ಮೇಲಕ್ಕೆದ್ದು, ಅಲ್ಲೊಂದು ಗಳಿಗೆ ನಿಂತು, ಸೀದಾ ಬಳೆಯೊಳಕ್ಕೆ ಇಳಿಯುತ್ತಿತ್ತು. ಹೊಳೆಯ ನಡುವೆ ಹರಿಗೋಲಿನಲ್ಲಿ ನಿಂತು ಎಸೆದು ಬಳೆಗೆ ಹಾಕಿದಳು ಅಂತ ಹೇಳುವವರೂ ಇದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಎಸೆಯಿಸಿದರೂ ಬಿತ್ತು ಅಂತಾರೆ. ಅಷ್ಟೆಲ್ಲ ಇಲ್ಲದಿದ್ದರೂ ಹೊಂಗೆಮರದಿಂದ ಹಾಕುತ್ತಿದ್ದಳು. ಅದೇ ಕಡಿಮೆಯೇನಲ್ಲ.

ಮೇಷ್ಟ್ರು ಅವಳನ್ನು ಸ್ಕೂಲಿನ ಹುಡುಗಿಯರ ತಂಡಕ್ಕೆ ಸೇರಿಸಿಕೊಂಡರು. ಸೇರಿಸಿಕೊಂಡವರು ಮೊದಲ ದಿನವೇ ಅವಳ ಕೈ ಕಟ್ಟಿಹಾಕಿದರು.

"ದೂರದಿಂದ ಹಾಕಿದ್ರೂ ಎರಡೇ ಪಾಯಿಂಟು, ಹತ್ತಿರದಿಂದ ಹಾಕಿದ್ರೂ ಎರಡೇ. ಐದು ಕೈ ದಾಟಿ ಬುಟ್ಟಿ ಕೆಳಗೆ ಹೋಗಬೇಕು ಚೆಂಡು. ದೂರ ನಿಂತು ಎಸೆಯೋದು ಮೈಗಳ್ಳತನ ಕಣಮ್ಮ. ನನ್ನ ತಂಡದಲ್ಲಿ ಎಸೆದವಳು ಹೊರಗೆ ಕೂರ್ತಾಳೆ."

ಆ ಕಾಲಕ್ಕೆ ಅವರು ಹೇಳಿದ್ದು ಸರಿಯೇ. ಎಲ್ಲ ಮೇಷ್ಟ್ರೂ ಹಾಗೇ ಹೇಳುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಸಿಂಗೇನಹಳ್ಳಿಯ ಜೊತೆ, ಹೊಳೆಯಾಚೆ ಅವರ ಬಯಲಿನಲ್ಲೇ ಪಂದ್ಯ. ಗೆದ್ದ ತಂಡದ ಹುಡುಗಿಯರನ್ನು ಪಟ್ಟಣದ ದೊಡ್ಡ ಸ್ಕೂಲಿಗೆ, ಊಟ ವಸತಿ ಕೊಟ್ಟು ಕರೆದುಕೊಳ್ಳುತ್ತೇವೆ ಅಂತ ಅಲ್ಲಿಂದ ಒಬ್ಬರು ನೋಡಲು ಬಂದಿದ್ದರು. ದೇವೀರಿಗೆ ಅದರ ಮೇಲೆ ಎಷ್ಟು ಆಸೆಯಿತ್ತು ಅಂದರೆ, ಹಿಂದಿನ ದಿನವೇ ತಲೆಗೆ ಸೀಗೆಪುಡಿ ಹಾಕಿ ಮಿಂದು, ಪಟ್ಟಣದವರ ಹಾಗೆ ಎರಡು ಜಡೆ ಹಾಕಿಕೊಂಡಿದ್ದಳಂತೆ.

ಕೊನೇ ಗಳಿಗೆ. ಮೆಳೆಕೊಪ್ಪಲು ಒಂದು ಪಾಯಿಂಟು ಹಿಂದೆ. ಚೆಂಡು ದೇವೀರಿಯ ಕೈಗೆ ಬಂತು. ಅವಳು ನಿಂತಿದ್ದು ಬುಟ್ಟಿಯಿಂದ ಬಹಳ ದೂರ. ಬುಟ್ಟಿಯ ಕೆಳಗೆ ಇರುವೆ ನುಸುಳಲು ಜಾಗವಿರಲಿಲ್ಲ, ಅಷ್ಟು ಜನ ಅಲ್ಲೇ ಗುಂಪು. ಅವಳ ಸುತ್ತ ಯಾರೂ ಇಲ್ಲ. ಅಷ್ಟು ದೂರದಿಂದ ಯಾರೂ ಎಸೆಯುವುದಿಲ್ಲ ಅಂತ ಸಿಂಗೇನಹಳ್ಳಿಯವರು ಅವಳನ್ನು ಬಿಟ್ಟೇಬಿಟ್ಟಿದ್ದರು. ದೇವೀರಿ ಚೆಂಡು ಎತ್ತಿದಳು. ಎತ್ತಿದವಳು ಮೇಷ್ಟ್ರ ಕಡೆ ನೋಡಲಿಲ್ಲ, ಆಟ ನೋಡಲು ಜೊತೆಗೆ ಬಂದಿದ್ದ ಅಪ್ಪನ ಕಡೆ ನೋಡಿದಳು.

ಕೇತಯ್ಯನಿಗೆ ಕಂಡಿದ್ದು ಬುಟ್ಟಿಯಲ್ಲ. ಪಂಚೆ ಕಟ್ಟಿಕೊಂಡು ಮನೆಯಲ್ಲಿ ಕಾದ ಆ ದಿನ ಕಂಡಿತು. ಬೇಡ ಅಂತ ತಲೆಯಾಡಿಸಿದ.

ಅವಳು ಚೆಂಡನ್ನು ಒಳಕ್ಕೆ, ಗುಂಪಿನ ಕಡೆಗೆ ಕೊಟ್ಟಳು. ಗುಂಪಿನಲ್ಲಿ ಅದು ಯಾರದೋ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಸೀಟಿ ಊದಿದರು. ಮುಗಿಯಿತು.

ಹೊಳೆ ದಾಟಿ ವಾಪಸು ಬರುವಾಗ ಹರಿಗೋಲಿನಲ್ಲಿ ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಹೇಳಿದ ಹಾಗೆ ಕೇಳಿದೆ, ಒಳ್ಳೇ ಹುಡುಗಿ ಅಂತ ದೇವೀರಿಯ ತಲೆ ಸವರಿದರು. ಅವಳು ನೀರಿನ ಕಡೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದು ಒಲೆ ಹಚ್ಚಿದ ಮೇಲೆ ಒಂದೇ ಮಾತು ಅಂದಳು.

"ನಂಗೆ ಆ ಬಳೆ ಬಾವಿಯಷ್ಟು ಅಗಲ ಕಾಣ್ತಿತ್ತು ಕಣಪ್ಪ."

ಆಮೇಲೆ ಅವಳು ಚೆಂಡು ಮುಟ್ಟಲಿಲ್ಲ. ಪಟ್ಟಣದ ಸ್ಕೂಲಿಗೆ ಸಿಂಗೇನಹಳ್ಳಿಯವರು ಹೋದರು. ದೇವೀರಿಯನ್ನು ಕಂಬದಗುಡ್ಡಕ್ಕೆ ಕೊಟ್ಟು ಮದುವೆ ಮಾಡಿದರು. ಗಂಡನೂ ಮೇದರವನೇ, ಆದರೆ ಅಷ್ಟೊತ್ತಿಗೆ ಸಂತೆಗೆ ಪ್ಲಾಸ್ಟಿಕ್ ಬುಟ್ಟಿ ಬಂದಾಗಿತ್ತು. ಬಿದಿರು ಕೇಳುವವರಿಲ್ಲ. ಗಂಡ ಹೆಂಡಿರು ಗುಡ್ಡದ ಕ್ವಾರಿಯಲ್ಲಿ ಜಲ್ಲಿ ಒಡೆಯಲು ಹೋದರು. ವರುಷದ ಮೇಲೆ ವರುಷ ಹೋಯಿತು. ದೇವೀರಿಯ ಮಕ್ಕಳಿಗೆ ಮಕ್ಕಳಾದವು.

ಹೊಳೆಗೆ ಸೇತುವೆ ಬಂತು. ಮಣ್ಣಿನ ಬಯಲಿಗೆ ಸಿಮೆಂಟು ಬಂತು. ಶ್ರೀಕಂಠಯ್ಯ ಮೇಷ್ಟ್ರು ಹೋಗಿ ಎಷ್ಟೋ ಕಾಲವಾಗಿತ್ತು. ಮುದುಕನಾದ ಕೇತಯ್ಯ ಮಾತ್ರ ಹೊಂಗೆಮರದ ಬುಡದಲ್ಲಿ ಕೂತೇ ಇದ್ದ. ಒಂದು ದಿನ ಬಣ್ಣದ ಡಬ್ಬಿ ತಂದವರು ಸಿಮೆಂಟಿನ ಮೇಲೆ ಬುಟ್ಟಿಯ ಸುತ್ತ, ದೂರದಲ್ಲಿ, ಕಮಾನಿನ ಹಾಗೆ ಒಂದು ಗೆರೆ ಎಳೆದರು. ಆಟ ನಡೆಯಿತು. ಆ ಗೆರೆಯಾಚೆ ನಿಂತು ಒಬ್ಬ ಎಸೆದ, ಬಿತ್ತು, ಜನ ಕುಣಿದಾಡಿದರು. ಕೇತಯ್ಯ ಕೋಲೂರಿಕೊಂಡು ಎದ್ದು ಸೀಟಿ ಊದುವವನ ಹತ್ತಿರ ಹೋದ.

"ಅವನನ್ನ ಹೊರಗೆ ಕೂರ್ಸಲ್ವ?"

"ಯಾಕೆ ತಾತ? ಗೆರೆಯಾಚೆಯಿಂದ ಹಾಕಿದ್ರೆ ಮೂರು. ಈಗ ಎಲ್ಲಾರೂ ಅದನ್ನೇ ಕಲಿಯೋದು."

"ಯಾರು ಹೇಳಿದ್ದು?"

"ದೊಡ್ಡೋರು ಎಲ್ಲೋ ಕೂತು ತೀರ್ಮಾನ ಮಾಡಿದ್ದು ತಾತ."

ಮುದುಕ ಕೋಲಿನ ತುದಿಯಿಂದ ಆ ಗೆರೆಯನ್ನು ಮುಟ್ಟಿ ನೋಡಿದ.

"ಒಂಚೂರು ಮುಂಚೆ ಕೂತ್ಕೋಬಾರ್ದಿತ್ತಾ ಅವ್ರು" ಅಂದ.

ಮಾರನೆಯ ದಿನವೇ ಕಂಬದಗುಡ್ಡದ ಬಸ್ಸು ಹತ್ತಿದ. ಮಗಳು ಕ್ವಾರಿಯಲ್ಲಿ ಗೋಣಿತಾಟಿನ ನೆರಳು ಕಟ್ಟಿಕೊಂಡು ಕಲ್ಲು ಕುಟ್ಟುತ್ತಿದ್ದಳು. ಅಪ್ಪ ಹೇಳಿದ್ದನ್ನೆಲ್ಲ ಕೇಳಿದಳು. ಕೇಳಿ ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿದಳು.

"ನೋಡಪ್ಪ ಇವನ್ನ. ನಾನ್ಯಾಕೆ ಬರ್ಲಿ?"

"ಒಂದ್ಸಲ ಬಾ ಮಗ. ನಾ ಕಣ್ಮುಚ್ಚೋ ಮುಂಚೆ."

ಬಂದಳು. ಅಂದಿನ ಆಟ ನಿಲ್ಲಿಸಿ, ಮುದುಕನ ಮಾತಿಗೆ ಬೆಲೆ ಕೊಟ್ಟು, ಚೆಂಡನ್ನು ಅವಳ ಕೈಗೆ ಕೊಟ್ಟರು. ಊರೆಲ್ಲ ನೆರೆದಿತ್ತು. ದೇವೀರಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆರೆಯಾಚೆ ನಿಂತಳು. ಚೆಂಡನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ಎಸೆದಳು.

ಇಲ್ಲಿ ಕೇಳಿ. ಬಿತ್ತು ಅಂತಾರೆ. ಬಳೆಗೆ ತಾಗದ ಹಾಗೆ ಬಿತ್ತು ಅಂತಾರೆ. ಹೊಂಗೆಮರದ ಬುಡಕ್ಕೆ ಹೋಗಿ ಅಲ್ಲಿಂದಲೂ ಹಾಕಿದಳು ಅಂತಾರೆ. ಮೆಳೆಕೊಪ್ಪಲಿನಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಆದರೆ ಬೀಳಲಿಲ್ಲ. ಅಷ್ಟು ವರುಷ ಸುತ್ತಿಗೆ ಎತ್ತಿ ಇಳಿಸಿದ ತೋಳು ಕಿವಿಯಿಂದ ಮೇಲಕ್ಕೆ ಏಳಲೇ ಇಲ್ಲ. ಚೆಂಡು ಬಳೆಯವರೆಗೂ ಹೋಗದೆ ಅರ್ಧದಲ್ಲೇ ಸಿಮೆಂಟಿಗೆ ಬಡಿಯಿತು. ಇನ್ನೊಂದು ಸಲ ಕೊಟ್ಟರು. ಅದೂ ಹಾಗೇ. ಮತ್ತೂ ಕೊಡಲು ಬಂದಾಗ ಅವಳು ಕೈ ಮುಂದೆ ಮಾಡಲಿಲ್ಲ. ಸೆರಗು ಬಿಚ್ಚಿ ಹೊದ್ದುಕೊಂಡಳು. ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

ಕೇತಯ್ಯ ಅವಳ ಹಿಂದೆಯೇ ಬಸ್ಸು ನಿಲ್ಲುವ ಜಾಗದ ತನಕ ನಡೆದ. ಬಸ್ಸು ಬರುವುದು ಕಂಡಾಗ ಬಾಯಿ ಬಿಟ್ಟ.

"ಅವತ್ತು ನಾನು ತಲೆ ಆಡಿಸ್ಬಾರ್ದಿತ್ತು ದೇವೀರಿ."

"ಅದನ್ನ ಈಗ್ಯಾಕೆ ಹೇಳ್ತೀಯಪ್ಪ" ಅಂದಳು ಅವಳು. ಬಸ್ಸು ಹತ್ತಿದಳು. ಕಿಟಕಿಯ ಕಡೆ ಕೂರಲಿಲ್ಲ.

ಆ ವರುಷವೇ ಮುದುಕ ತೀರಿಕೊಂಡ. ಕೊನೆಗೊಮ್ಮೆ ನೆಗೆದವನು ಇಳಿಯಲೇ ಇಲ್ಲ ಅಂತ ಹೇಳುವವರಿದ್ದಾರೆ. ಇಳಿದ, ಎಲ್ಲರ ಹಾಗೆ ಮಣ್ಣಿಗೇ ಇಳಿದ. ಅಪ್ಪನ ಮಣ್ಣಿಗೆ ಅಂತ ಬಂದ ದೇವೀರಿ ಸಂಜೆಯ ಬಸ್ಸಿಗೆ ಗುಡ್ಡಕ್ಕೆ ಹೋದವಳು ತಿರುಗಿ ಆ ಊರಿಗೆ ಕಾಲಿಡಲಿಲ್ಲ. ಅವಳೂ ಯಾವಾಗ ಹೋದಳೋ, ಸುದ್ದಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಈಗಲೂ ಮೆಳೆಕೊಪ್ಪಲಿನಲ್ಲಿ ಪಂದ್ಯ ಶುರುವಾಗುವ ಮೊದಲು ಒಂದು ಪದ್ಧತಿ ಇದೆ. ನೆರೆದವರಲ್ಲಿ ಯಾರಾದರೂ ಒಬ್ಬ ಹೆಂಗಸನ್ನು ಕರೆಯುತ್ತಾರೆ. ಆಟ ಗೊತ್ತಿರಬೇಕು ಅಂತೇನಿಲ್ಲ. ಕಳೆ ಕೀಳುವವಳೋ, ಬೀಡಿ ಕಟ್ಟುವವಳೋ, ಯಾರಾದರೂ ಸರಿ. ಅವಳು ಚಪ್ಪಲಿ ಬಿಟ್ಟು ಗೆರೆಯಾಚೆ ನಿಂತು ಒಂದು ಸಲ ಎಸೆಯುತ್ತಾಳೆ. ಬಿದ್ದರೆ ದೇವೀರಿ ಹಾಕಿದಳು ಅಂತಾರೆ. ಬಿದ್ದದ್ದು ಬಹಳ ಕಡಿಮೆ. ಬೀಳದಿದ್ದರೆ ಯಾರೂ ಮಾತಾಡುವುದಿಲ್ಲ, ಚೆಂಡು ಪುಟಿಯುವುದು ತಾನಾಗಿ ನಿಲ್ಲುವವರೆಗೂ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ. ಬಿದ್ದರೂ ಅಷ್ಟೇ, ಬೀಳದಿದ್ದರೂ ಅಷ್ಟೇ, ಆ ಎಸೆತವನ್ನು ಯಾವ ಕಡೆಯ ಲೆಕ್ಕಕ್ಕೂ ಹಿಡಿಯುವುದಿಲ್ಲ.