ಮುಖ್ಯಸ್ಥರು ಮಾಡಿದ ಉದ್ಘಾಟನೆ

ಸೋಮವಾರ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಜೀವಶಾಸ್ತ್ರ ವಿಭಾಗದ ಮುಖ್ಯಸ್ಥ ಚೆನ್ನಕೇಶವಯ್ಯನವರು ಇಟ್ಟಿಗೆಯಂಥ ಪುಸ್ತಕವೊಂದನ್ನು ಮೇಜಿನ ಮೇಲೆ ಕುಕ್ಕಿದರು.

"ಕಂಪ್ಯೂಟರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸೋಕೆ ಈ ವರ್ಷವೂ ನಾನು ಬರೆದಿದ್ದೇ ಪಠ್ಯ!"

ಹೋದ ವರ್ಷ ಅದನ್ನೋದಿ ಅರ್ಧ ತರಗತಿ ಫೇಲಾಗಿತ್ತು. ಪಾಠ ಮಾಡುವ ಭಾಗೀರಥಿ ತಾನು ಆರಿಸಿದ್ದ ತೆಳ್ಳನೆಯ ಪುಸ್ತಕವನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು.

"ಆಗಲಿ ಸಾರ್. ಗುರುವಾರ ತರಗತಿಯ ಉದ್ಘಾಟನೆ ನೀವೇ ಮಾಡಬೇಕು. ದೀಪಗೀಪ ಬೇಡ. ನಿಮ್ಮ ಪುಸ್ತಕದ ಮೊದಲ ಪ್ರೋಗ್ರಾಮನ್ನೇ ಎಲ್ಲರೆದುರು ಟೈಪ್ ಮಾಡಿ, ಕಪ್ಪೆಗಳ ತೂಕದ ಗ್ರಾಫ್ ತೋರಿಸಿಬಿಡಿ. ಪ್ರಿನ್ಸಿಪಾಲರನ್ನೂ ಕರೀತೀನಿ."

"ಭೇಷ್!" ಎಂದ ಮುಖ್ಯಸ್ಥರು ಅಭ್ಯಾಸಕ್ಕೆಂದು ಪುಸ್ತಕವನ್ನು ಮನೆಗೊಯ್ದರು.

ಮರುದಿನ ನಿದ್ದೆಗೆಟ್ಟ ಮುಖ ಹೊತ್ತು ಬಂದರು.

"ನೋಡಮ್ಮಾ, ಈ ಮಕ್ಕಳಿಗೆ ನನ್ನ ಪುಸ್ತಕ ಸ್ವಲ್ಪ ಹೆಚ್ಚಾಯ್ತು. ನಿನ್ನ ಚೀಲದಲ್ಲಿರೋ ತೆಳ್ಳನೆಯದ್ದೇ ಇರಲಿ."

"ಹಾಗಾದ್ರೆ ಉದ್ಘಾಟನೆ, ಸಾರ್?"

ಗುರುವಾರ ಅವರು ದೀಪ ಹಚ್ಚಿದರು.