ಕೆಂಡ ಕಾಯುತ್ತಿದ್ದ ಹಾಲವ್ವ

ಕೇಳವ್ವಾ ಮೊಮ್ಮಗಳೇ, ಬಹಳ ಹಿಂದಿನ ಮಾತು. ಬೆಂಕಿಪೊಟ್ಟಣ ಅನ್ನೋದು ನಮ್ಮ ಕಡೆ ಇನ್ನೂ ಕಾಲಿಡದ ಕಾಲ. ಹಳ್ಳದ ದಂಡೆಗೆ ಒಂದು ಊರಿತ್ತು, ಆ ಊರಲ್ಲಿ ಹಾಲವ್ವ ಅನ್ನೋ ಒಂಟಿ ಹೆಂಗಸು ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ನೀನು ಕಚೇರಿಯ ಹಳೇ ಖಾನೇಸುಮಾರಿ ಪುಸ್ತಕ ನೋಡಿ ಬರೆದುಕೊಂಡು ಬಂದೆಯಲ್ಲ, ಈಗ ಜನಗಣತಿ ಅಂತೀರಲ್ಲ ಅದು, ಅದರಲ್ಲಿರೋದು ಅವಳ ಹೆಸರೇ. ಎಲ್ಲರ ಮುಂದೆ ಒಕ್ಕಲುತನ, ಕೂಲಿ, ನೇಯ್ಗೆ ಅಂತಿದೆ, ಇವಳ ಮುಂದೆ 'ಕೆಂಡ ಕಾಯುವುದು' ಅಂತಿದೆ, ಇದೆಂಥ ಕಸುಬಜ್ಜಿ, ಇವಳು ನಮಗೇನಾಗಬೇಕು ಅಂತ ಕೇಳಿದೆಯಲ್ಲ. ಹೇಳ್ತೀನಿ, ನಡುವೆ ಬಾಯಿ ಹಾಕಬೇಡ.

ಆ ವರ್ಷ ಒಂದು ಸುದ್ದಿ ಹಬ್ಬಿತಂತೆ. ಗುಮಾಸ್ತ ಬರ್ತಾನೆ, ಊರು ಎಣಿಸ್ತಾನೆ, ಒಂದು ಒಲೆ ಉರಿದರೆ ಒಂದು ಮನೆ ಅಂತ ಬರೆದುಕೊಳ್ತಾನೆ, ಆಮೇಲೆ ಒಲೆಗೊಬ್ಬ ಗಂಡಸನ್ನ ಹಿಡಿದುಕೊಂಡು ಹೋಗ್ತಾರೆ ಅಂತ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಭಯ ಇನ್ನೂ ಜಾಸ್ತಿ ಆಯಿತಂತೆ.

ಊರಿನ ಬುದ್ಧಿವಂತರು ಸೇರಿ ಒಂದು ಉಪಾಯ ಮಾಡಿದರು. ಒಲೆ ಎಲ್ಲ ಆರಿಸಿ, ಬೂದಿ ಬಳಿದು, ಸೆಗಣಿ ಸಾರಿಸಿಬಿಟ್ಟರು. ಒಲೆಯೇ ಇಲ್ಲದಿದ್ದರೆ ಮನೆ ಎಲ್ಲಿಂದ ಬರಬೇಕು? ಆದರೆ ಊರಿಗೆ ಒಂದಾದರೂ ಕೆಂಡ ಬೇಕಲ್ಲ, ಅದನ್ನ ಹಾಲವ್ವನ ಕೈಗೆ ಕೊಟ್ಟರು. ಅವಳ ಮನೆಯಲ್ಲಿ ಹಿಡಿದುಕೊಂಡು ಹೋಗೋಕೆ ಗಂಡಸೇ ಇರಲಿಲ್ಲ.

ಗುಮಾಸ್ತನೂ ಬಂದ, ಅವನ ಹಿಂದೆಯೇ ಮಳೆಯೂ ಬಂತು. ಮೂರು ದಿನ ಬಿಡಲಿಲ್ಲ ಅಂತಾರೆ. ಹಳ್ಳ ತುಂಬಿ ಆಚೆ ಊರಿನ ದಾರಿ ಮುಚ್ಚಿತು. ಚಕಮಕಿ ಕಲ್ಲಿನ ಅರಳೆ ತೊಯ್ದು ಕಿಡಿ ಹಿಡಿಯಲೊಲ್ಲದು. ಊರೆಲ್ಲ ಹಸಿ ಹಿಟ್ಟು ಕಲಸಿಕೊಂಡು ತಿಂದು ಬಾಗಿಲ ಸಂದಿಯಿಂದ ಹಾಲವ್ವನ ಗುಡಿಸಲನ್ನೇ ನೋಡುತ್ತಿತ್ತಂತೆ. ಅವಳು ಮಣ್ಣಿನ ಕುಡಿಕೆಯಲ್ಲಿ ಸೆಗಣಿ ಕುಳ್ಳಿನ ಕೆಂಡ ಇಟ್ಟು, ಮೇಲೆ ಬೂದಿ ಮುಚ್ಚಿ, ಗಳಿಗೆಗೊಮ್ಮೆ ಊದಿ ಊದಿ ಕಾದಳು. ಕಣ್ಣು ಮುಚ್ಚಲಿಲ್ಲ ಅಂತಾರೆ.

ಮೂರನೇ ದಿನ ಗುಮಾಸ್ತ ಚಾವಡಿಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆಸಿದ. ಹಾಲವ್ವನಿಗೂ ಕರೆ ಬಂತು. ಕೆಂಡ ಬಿಟ್ಟು ಹೋದರೆ ಆರುತ್ತೆ, ತೋರಿಸಿಕೊಂಡು ಹೋದರೆ ಊರಿನ ಗುಟ್ಟು ರಟ್ಟಾಗುತ್ತೆ. ಕುಡಿಕೆಯನ್ನ ಸೆರಗಲ್ಲಿ ಮುಚ್ಚಿಕೊಂಡು ಹೋಗಿ, ಮಡಿಲಲ್ಲಿಟ್ಟುಕೊಂಡು ಕೂತಳು. ತೊಡೆ ಸುಡುತ್ತಿತ್ತು, ಮುಖ ಅಲ್ಲಾಡಲಿಲ್ಲ. ಸೀರೆ ಹತ್ತಿ ಉರಿದರೂ ಅವಳು ಕದಲಲಿಲ್ಲ ಅಂತ ನನ್ನಜ್ಜಿ ಹೇಳೋಳು. ಅಷ್ಟನ್ನ ನಾನು ನಂಬೋದಿಲ್ಲ. ಸುಟ್ಟಿದ್ದು ಮಾತ್ರ ನಿಜ.

ಅದೇ ಹೊತ್ತಿಗೆ ಸೂಲಗಿತ್ತಿ ಮಳೆಯಲ್ಲಿ ಓಡಿಬಂದು ಚಾವಡಿ ಮೆಟ್ಟಿಲ ಮೇಲೆ ನಿಂತಳು. ಊರಲ್ಲಿ ಗಂಗಮಾಳವ್ವ ಅನ್ನೋ ಬಸುರಿಗೆ ದಿನ ತುಂಬೋ ಮೊದಲೇ ಹೆರಿಗೆಯಾಗಿತ್ತು. ಕೂಸು ತಣ್ಣಗಿತ್ತು, ಅಳುತ್ತಿರಲಿಲ್ಲ. ಸೂಲಗಿತ್ತಿ ಬೆಂಕಿ ಬೇಕು ಅನ್ನಲಿಲ್ಲ. ಅನ್ನೋ ಹಾಗಿರಲಿಲ್ಲ. ಹಾಲವ್ವನ ಮಡಿಲನ್ನೇ ನೋಡಿದಳು. ಅಲ್ಲಿದ್ದ ಗಂಡಸರೂ ಹಾಲವ್ವನನ್ನೇ ನೋಡಿದರು, ತೆಗೆಯಬೇಡ ಅನ್ನೋ ಹಾಗೆ. ಕೂಸಿನಪ್ಪ ನೆಲ ನೋಡುತ್ತಿದ್ದ.

ಹಾಲವ್ವ ಸೆರಗು ಸರಿಸಿದಳು. ಬೂದಿ ಕೆದಕಿ ಊದಿ, ಕೆಂಪಗಾದ ಕೆಂಡವನ್ನ ಕುಡಿಕೆ ಸಮೇತ ಸೂಲಗಿತ್ತಿಯ ಕೈಗಿಟ್ಟಳು. ಆಮೇಲೆ ಗುಮಾಸ್ತನಿಗೆ ಹೇಳಿದಳಂತೆ, "ಊರಿನ ಒಲಿ ಎಲ್ಲಾ ಆರ್‍ಸ್ಯಾರ ಸ್ವಾಮಿ. ಇದ್ದ ಬೆಂಕಿ ಅದೊಂದೇ. ಕೆಂಡ ಕಾಯೋದು ನನ್ ಕಸುಬು, ಬರ್ಕೊಳ್ಳಿ."

ಅವನು ಬರೆದುಕೊಂಡ. ಪುಸ್ತಕ ಕಟ್ಟಿಕೊಂಡು ಹೋದ.

ಕೂಸು ಅತ್ತಿತು, ಬದುಕಿತು. ಆದರೆ ಊರಿಗೆ ನಿದ್ದೆ ಹೋಯಿತು. ಗಂಡಸರು ಜೋಳದ ಹೊಲದಲ್ಲಿ ಮಲಗೋಕೆ ಶುರು ಮಾಡಿದರು. ದೂರದಲ್ಲಿ ಧೂಳೆದ್ದರೆ ಹೆಂಗಸರು ಹೊಲಕ್ಕೆ ಓಡಿ ಸುದ್ದಿ ಮುಟ್ಟಿಸೋರು. ಬಂದರೇನೋ, ಬಂದರೇನೋ ಅಂತ ವರ್ಷ ಕಳೆಯಿತು. ಸಿಟ್ಟೆಲ್ಲ ಹಾಲವ್ವನ ಮೇಲೆ. ಅವಳ ಮನೆಗೆ ಕೆಂಡಕ್ಕೆ ಹೋಗೋದನ್ನೇ ಬಿಟ್ಟರು. ಹಳ್ಳ ದಾಟಿ ಹೋಗಿ ತಂದರೇ ಹೊರತು ಅವಳನ್ನ ಕೇಳಲಿಲ್ಲ. ತೊಡೆಯ ಗಾಯ ಮಾಯಲಿಲ್ಲ. ಅದನ್ನೂ ಯಾರೂ ಕೇಳಲಿಲ್ಲ. ಈ ಮಾತು ಹೇಳುವಾಗ ನನಗೆ ಈಗಲೂ ನಾಚಿಕೆಯಾಗುತ್ತೆ.

ಮತ್ತೆ ಮಳೆ ಬಂತು. ಯಾರನ್ನೂ ಹಿಡಿಯೋಕೆ ಯಾರೂ ಬರಲಿಲ್ಲ. ಆ ಗುಮಾಸ್ತ ಬರೇ ತಲೆ ಎಣಿಸೋಕೆ ಬಂದಿದ್ದ ಅಂತ ಸಂತೆಯಲ್ಲಿ ಯಾರೋ ಅಂದರಂತೆ. ಅಷ್ಟು ಹೊತ್ತಿಗೆ ಹಾಲವ್ವ ಇರಲಿಲ್ಲ.

ಆ ಕೂಸು ನನ್ನ ಮುತ್ತಜ್ಜಿ. ಅದಕ್ಕೇ ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಬಂದರೂ ಒಂದು ಪದ್ಧತಿ ಬಿಟ್ಟಿಲ್ಲ. ಹೆರಿಗೆ ನೋವು ಶುರುವಾದಾಗಿನಿಂದ ಕೂಸು ಅಳೋವರೆಗೂ ಮನೆಯ ಹಿರಿಯಳು ಕೆಂಡದ ಕುಡಿಕೆ ಮಡಿಲಲ್ಲಿಟ್ಟುಕೊಂಡು ಕೂರಬೇಕು, ನೆಲಕ್ಕಿಡಬಾರದು. ಆಸ್ಪತ್ರೆಯವರು ಒಳಗೆ ಬಿಡದಿದ್ದರೆ ಹೊರಗೆ ಬೇವಿನ ಮರದ ಕೆಳಗಾದರೂ ಕೂರಬೇಕು.

ಹಾಲವ್ವ ನಮಗೇನಾಗಬೇಕು ಅಂದೆಯಲ್ಲ, ರಕ್ತಸಂಬಂಧ ಏನೂ ಇಲ್ಲ. ನೀನು ಹುಟ್ಟಿದಾಗ ನಿಮ್ಮಮ್ಮನಿಗೆ ಹತ್ತು ತಾಸು ಹಿಡಿಯಿತು. ಬಾ ಇಲ್ಲಿ, ನನ್ನ ತೊಡೆಯ ಮೇಲಿನ ಈ ಕಲೆ ನೋಡು.