ಮೊರ ಹಿಡಿದು ನಿಂತ ತಾಯಿ

ಹೊಳೆ ದಂಡೆಯ ಆ ಆಶ್ರಮದಲ್ಲಿ ಅತ್ತರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಳುವುದಕ್ಕೇ ಅಂತ ಬಂದವರೂ ಇದ್ದರು. ಆದರೆ ದಿನಾ ಊಟವಾದ ಮೇಲೆ, ಗಡಿಯಾರ ನೋಡಿಕೊಂಡು, ಮೂರು ಗಂಟೆಗೆ ಸರಿಯಾಗಿ ಅಳಲು ಕೂರುವವರನ್ನು ಬೈರಾಗಿ ತಾತ ತಮ್ಮ ಎಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಹಾಗೆ ಅಳುತ್ತಿದ್ದವಳು ವನಮಾಲ. ಗಂಡ ತೀರಿಕೊಂಡು ಐದು ವರ್ಷದ ಮೇಲೆ ಇಲ್ಲಿಗೆ ಬಂದು ತಾತನ ಶಿಷ್ಯೆಯಾಗಿದ್ದಳು. ಆರು ವರ್ಷವಾಗಿತ್ತು. ಆಶ್ರಮದ ಅಡುಗೆಮನೆ ಅವಳದೇ. ಮೊಬೈಲಿಗೆ ಸಿಗ್ನಲ್ ಸಿಗುವುದು ಸ್ನಾನಘಟ್ಟದ ಮೇಲಿನ ಮೆಟ್ಟಿಲಲ್ಲಿ ಮಾತ್ರ. ಅವಳ ಅಳುವೂ ಅಲ್ಲೇ.

ಒಂದು ಮಧ್ಯಾಹ್ನ ತಾತ ಬಂದು ಪಕ್ಕದಲ್ಲಿ ಕೂತರು.

"ಯಾರು ಸತ್ರು?"

ವನಮಾಲ ಗಡಬಡಿಸಿ ಕಣ್ಣೊರೆಸಿಕೊಂಡಳು. "ಅಯ್ಯೋ, ಯಾರೂ ಇಲ್ಲ ತಾತ. ಸೀರಿಯಲ್ಲು."

"ಯಾವುದು?"

"ಸೆರಗಿನ ಗಂಟು ಅಂತ. ತಾಯಿ ಮಗಳ ಕಥೆ. ಮುಗಿದು ಒಂದು ವರ್ಷ ಆಯ್ತು."

"ಮುಗಿದಿದ್ದನ್ನ ಯಾಕೆ ನೋಡ್ತೀಯ?"

"ಎಲ್ಲಾ ನೋಡಲ್ಲ. ಕೊನೇ ಮೂರು ಕಂತು ಅಷ್ಟೇ. ಜಗಳ ಆಡ್ಕೊಂಡು ಹೋದ ಮಗಳು ತಾಯಿ ಹತ್ರ ವಾಪಸ್ ಬರ್ತಾಳೆ."

"ನಿನ್ನೆಯೂ ಬಂದ್ಲಾ?"

"ಬಂದ್ಲು."

"ಮೊನ್ನೆ?"

"ಮೊನ್ನೆನೂ."

"ಪಾಪ, ಓಡಾಡಿ ಓಡಾಡಿ ಸಾಕಾಗಿರ್ಬೇಕು ಆ ಹುಡುಗಿಗೆ," ಎಂದರು ತಾತ.

ವನಮಾಲಳಿಗೆ ಸಿಟ್ಟು ಬಂತು. ಧ್ಯಾನ ಬಿಟ್ಟು ಸೀರಿಯಲ್ ನೋಡುತ್ತಾಳೆ ಅಂತ ಬೈದಿದ್ದರೆ ಬೈಸಿಕೊಳ್ಳುತ್ತಿದ್ದಳು. ಗೇಲಿ ಮಾಡಿದರೆ ಏನು ಮಾಡುವುದು?

"ಹಾಕು. ನಾನೂ ನೋಡ್ತೀನಿ," ಎಂದರು ತಾತ.

ಅವಳು ಹಾಕಿದಳು.

ತೆರೆಯ ಮೇಲೆ ಒಂದು ಹಳೇ ಮನೆ. ನೆಂಟರಿಷ್ಟರು ತುಂಬಿದ್ದಾರೆ. ಮಗಳು ಚಿನ್ಮಯಿ ಮಣೆಯ ಮೇಲೆ ಕೂತು ಸೆರಗು ಒಡ್ಡಿದ್ದಾಳೆ. ತಾಯಿ ಎದುರಿಗೆ ಮೊರ ಹಿಡಿದು ನಿಂತಿದ್ದಾಳೆ. ಮೊರದಲ್ಲಿ ಅಕ್ಕಿ, ಕಾಯಿ, ಬೆಲ್ಲದಚ್ಚು, ವೀಳ್ಯದೆಲೆ. ತವರಿಂದ ಹೊರಡುವ ಹೆಣ್ಣುಮಗಳಿಗೆ ಮಡಿಲು ತುಂಬಿ ಕಳಿಸುವುದು ನಮ್ಮಲ್ಲಿ ಪದ್ಧತಿ. ತುಂಬುವ ಕೈ ಮುತ್ತೈದೆಯದೇ ಆಗಿರಬೇಕು ಅಂತಲೂ ಯಾರೋ ಕಟ್ಟಳೆ ಮಾಡಿಟ್ಟಿದ್ದಾರೆ, ಅವರ ಬಾಯಿಗೆ ಮಣ್ಣು ಹಾಕ. ಈ ತಾಯಿಗೆ ಗಂಡ ಇಲ್ಲ. ನೆಂಟರೆಲ್ಲ ಗುಸುಗುಸು ಅನ್ನುತ್ತಾರೆ. ಮಗಳು ತಲೆಯೆತ್ತಿ, "ನನ್ನಮ್ಮನ ಕೈಯೇ ಬೇಕು," ಅನ್ನುತ್ತಾಳೆ. ತಾಯಿ ಬೊಗಸೆ ತುಂಬಿ ಅಕ್ಕಿ ಸುರಿಯುತ್ತಾಳೆ, ಒಂದಲ್ಲ ಎರಡಲ್ಲ, ಐದು ಸಲ. ಶಹನಾಯಿ. ಮುಗಿಯಿತು.

ವನಮಾಲ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ತಾತ ಮೊಬೈಲಿನ ಮೇಲೆ ಆಗಾಗ ಕಣ್ಣು ಹಾಯಿಸಿದ್ದರು, ಅಷ್ಟೇ. ಅವಳನ್ನೇ ನೋಡುತ್ತಿದ್ದರು.

"ಆ ತಾಯಿ ಮುಖ ಬಂದಾಗ ನೀನು ಅಳಲಿಲ್ಲ," ಎಂದರು. "ಮಗಳ ಮಾತಿಗೂ ಅಳಲಿಲ್ಲ. ಮೊರ ಕಂಡ ಕೂಡ್ಲೇ ಅತ್ತೆ. ಆ ಮೊರ ಯಾರದು?"

ಆರು ವರ್ಷದಲ್ಲಿ ಈ ಒಂದು ವಿಷಯವನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ನಮ್ಮಮ್ಮಂದು," ಎಂದಳು.

"ಹೇಳು."

"ಹನ್ನೊಂದು ವರ್ಷದ ಹಿಂದೆ, ನಮ್ಮಪ್ಪ ತೀರ್ಕೊಂಡ ವರ್ಷ. ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದೆ. ನಮ್ಮೆಜಮಾನ್ರಿಗೆ ಹಾರ್ಟ್ ಆಪರೇಶನ್ ದಿನ ಗೊತ್ತಾಗಿತ್ತು. ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ ತಾತ. ಹೊರಡೋ ಹೊತ್ತಿಗೆ ಅಮ್ಮ ಮೊರದಲ್ಲಿ ಎಲ್ಲಾ ಜೋಡಿಸ್ಕೊಂಡು ಬಂದು ನಿಂತ್ಲು. ತಾನೀಗ ಮುತ್ತೈದೆ ಅಲ್ಲ ಅನ್ನೋದನ್ನ ಮರೆತುಬಿಟ್ಟಿದ್ಲು ಅನ್ಸುತ್ತೆ. ವರ್ಷಾ ವರ್ಷಾ ತುಂಬಿದ ಕೈ ಅಲ್ವಾ."

"ಆಮೇಲೆ?"

"ನಾನು, ನೀನು ಬೇಡಮ್ಮ, ಚಿಕ್ಕಮ್ಮ ತುಂಬಲಿ ಅಂದೆ. ಮನೆ ತುಂಬಾ ಜನ ಇದ್ರು. ಎಲ್ಲಾರ ಎದುರಿಗೇ ಅಂದುಬಿಟ್ಟೆ."

"ಚಿಕ್ಕಮ್ಮ ತುಂಬಿದ್ರಾ?"

"ಬೇರೆ ತಟ್ಟೇಲಿ ಅಕ್ಕಿ ತಂದು ತುಂಬಿದ್ರು. ನಾನು ಬಾಗಿಲು ದಾಟುವಾಗ ತಿರುಗಿ ನೋಡ್ದೆ. ಅಮ್ಮ ಮೊರ ಕೆಳಗಿಟ್ಟಿರಲಿಲ್ಲ."

"ನಿನ್ನ ಗಂಡ?"

"ಉಳೀಲಿಲ್ಲ," ಎಂದಳು ವನಮಾಲ. ಅವಳ ಬಾಯಿ ಸೊಟ್ಟಗಾಯಿತು. "ಅಮ್ಮನ ಕೈ ಬೇಡ ಅಂದ್ರೂ ಉಳೀಲಿಲ್ಲ. ಹದಿಮೂರನೇ ದಿನ ಅಮ್ಮ ಬಂದು ಮೂಲೇಲಿ ಕೂತಿದ್ಲು. ನಾನು ಮುಖ ಎತ್ತಲಿಲ್ಲ. ಯಾವ ಮುಖ ಇಟ್ಕೊಂಡು ಎತ್ತಲಿ? ಆವತ್ತಿಂದ ಮಾತಿಲ್ಲ."

ತಾತ ಹೊಳೆಯ ಕಡೆ ನೋಡಿದರು.

"ಯಾವಾಗ ತೀರ್ಕೊಂಡ್ಲು ನಿಮ್ಮಮ್ಮ?"

"ಇದ್ದಾಳಲ್ಲ ತಾತ! ತಮ್ಮನ ಮನೇಲಿದ್ದಾಳೆ. ಅರಕಲಗೂಡಲ್ಲಿ."

"ಇದ್ದಾಳಾ?" ತಾತ ಬೆಚ್ಚಿಬಿದ್ದರು. "ಬದುಕಿರೋ ತಾಯಿಗೆ ಇಲ್ಲಿ ಕೂತು ಅಳ್ತಿದೀಯಾ? ಎಷ್ಟು ದೂರ?"

"ಎರಡು ಬಸ್ಸು."

"ನಾನು ನಿನ್ನ ಸೀರಿಯಲ್ ಪೂರ್ತಿ ನೋಡಿಲ್ಲ. ಒಂದು ಹೇಳು. ಆ ತಾಯಿ ಎಷ್ಟು ಹೊತ್ತು ಮೊರ ಹಿಡಿದು ನಿಂತಿದ್ಲು?"

"ಜಾಹೀರಾತು ಬಿಟ್ರೆ ಎರಡು ನಿಮಿಷ."

"ನಿನ್ನ ತಾಯಿ?"

ವನಮಾಲ ಮೊಬೈಲ್ ಆರಿಸಿದಳು. ಲೆಕ್ಕ ಅವಳಿಗೆ ಗೊತ್ತಿತ್ತು.

"ಹೋಗಿ ಬಾ," ಎಂದು ತಾತ ಎದ್ದರು.

"ಹೋಗ್ತೀನಿ ತಾತ. ಸಂಕ್ರಾಂತಿ ಒಂದು ಕಳೀಲಿ."

ಸಂಕ್ರಾಂತಿ ಕಳೆಯಿತು. ಎಳ್ಳು ಬೆಲ್ಲ ಹಂಚುವವರು ಯಾರು, ಅವಳೇ ತಾನೇ. ಆಮೇಲೆ ಸೊಂಟ ಹಿಡಿದುಕೊಂಡಿತು. ಆಮೇಲೆ ಶಿವರಾತ್ರಿಗೆ ನಾನೂರು ಎಲೆಯ ಅಡುಗೆ. ಆಮೇಲೆ ಬಿಸಿಲು. ನೆಪಕ್ಕೇನು ಬರಗಾಲವೇ?

ನಿಜ ಹೇಳಬೇಕೆಂದರೆ ನೆಪ ಬೇರೆಯೇ ಇತ್ತು. ದಿನಾ ಮೂರು ಗಂಟೆಗೆ ಮೆಟ್ಟಿಲ ಮೇಲೆ ಕೂತರೆ, ನಾಲ್ಕೂವರೆಯ ಹೊತ್ತಿಗೆ ಆ ತಾಯಿ ಐದು ಬೊಗಸೆ ಅಕ್ಕಿ ಸುರಿದು ಎಲ್ಲವನ್ನೂ ಮನ್ನಿಸಿಬಿಡುತ್ತಿದ್ದಳು. ವನಮಾಲ ಮೂಗು ಸೀಟಿಕೊಂಡು, ಎದೆ ಹಗುರ ಮಾಡಿಕೊಂಡು, ಸಾರಿಗೆ ಬೇಳೆ ಇಡಲು ಹೋಗುತ್ತಿದ್ದಳು. ಮೆಟ್ಟಿಲ ಮೇಲೇ ಕ್ಷಮೆ ಸಿಗುವಾಗ ಎರಡು ಬಸ್ಸು ಹತ್ತುವ ಕಷ್ಟ ಯಾರಿಗೆ ಬೇಕು?

ನಡುವೆ ತಮ್ಮ ಶ್ರೀಕಂಠನ ಫೋನ್ ಬರುತ್ತಿತ್ತು. ಮೊರ ಎತ್ತುವ ಹೊತ್ತಿಗೇ ಬರುತ್ತಿತ್ತು ಹಾಳಾದ್ದು. ವನಮಾಲ ಕಟ್ ಮಾಡುತ್ತಿದ್ದಳು. ಆಮೇಲೆ ಮಾಡಿದರಾಯಿತು ಅಂದುಕೊಳ್ಳುತ್ತಿದ್ದಳು. ಆಮೇಲೆ ಅಡುಗೆಮನೆ, ಅಲ್ಲಿ ಸಿಗ್ನಲ್ ಇಲ್ಲ.

ಯುಗಾದಿಯ ಮಾರನೆಯ ದಿನ ಅವಳು ಮೆಟ್ಟಿಲ ಮೇಲೆ ಕೂತಾಗ ತಾತ ಬಂದರು. ಅಡುಗೆಮನೆಯ ಮೊರದಲ್ಲಿ ಅಕ್ಕಿ ತುಂಬಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಅವಳ ಎದುರು ನಿಂತರು.

"ಏನು ತಾತ ಇದು?"

ತಾತ ಮೊರ ಇನ್ನೊಂದಿಷ್ಟು ಎತ್ತಿ ಹಿಡಿದರು.

ಅವಳು ಮೊದಲು ನಕ್ಕಳು. ಆಮೇಲೆ ಮುಖ ಬಿಗಿದುಕೊಂಡು ಮೊಬೈಲ್ ನೋಡಿದಳು. ಮೂರು ಕಂತು ಮುಗಿಯುವವರೆಗೂ ತಾತ ಬಿಸಿಲಲ್ಲಿ ಹಾಗೇ ನಿಂತಿದ್ದರು. ಮುಗಿದ ಮೇಲೆ ಹೊರಟುಹೋದರು.

ಮಾರನೆಯ ದಿನವೂ ಬಂದು ನಿಂತರು. ಎರಡನೇ ಕಂತಿಗೆ ಕೈ ನಡುಗಲು ಶುರುವಾಯಿತು. ಅಕ್ಕಿ ಒಂದೊಂದೇ ಕಾಳು ಕಲ್ಲಿನ ಮೇಲೆ ಉದುರಿತು. ವನಮಾಲಳಿಗೆ ತಡೆಯಲಾಗಲಿಲ್ಲ. ಎದ್ದು ಮೊರಕ್ಕೆ ಕೈ ಹಾಕಿದಳು.

"ಬಿಡಿ ತಾತ, ನಿಮ್ಮ ದಮ್ಮಯ್ಯ. ಕೈ ನೋಯಲ್ವಾ?"

"ನೋಯುತ್ತೆ," ಎಂದರು ತಾತ. "ಎರಡೇ ದಿನಕ್ಕೆ ನೋಯುತ್ತೆ."

ಅವಳು ಮರುದಿನ ಮೊದಲ ಬಸ್ಸಿಗೇ ಹೊರಟಳು.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಉರು ಹೊಡೆದಳು. ಅಮ್ಮ, ನನ್ನದು ತಪ್ಪಾಯ್ತು. ಅಮ್ಮ, ನಿನ್ನ ಕೈಯೇ ಬೇಕು. ಎರಡನೇ ಮಾತು ಸೀರಿಯಲ್ಲಿನದು ಅನ್ನುವುದು ಅವಳಿಗೆ ಬಸ್ ಇಳಿದ ಮೇಲೆ ಹೊಳೆಯಿತು. ನಾಚಿಕೆಯಾಯಿತು. ಆದರೆ ಬೇರೆ ಮಾತು ಸಿಗಲಿಲ್ಲ.

ಬಾಗಿಲು ತೆಗೆದವನು ಶ್ರೀಕಂಠ. "ಅಕ್ಕಾ!" ಎಂದ. ಮುಖದಲ್ಲಿ ಸಂತೋಷ ಬಂದು ಅಲ್ಲೇ ಆರಿಹೋಯಿತು.

"ಅಮ್ಮ ಎಲ್ಲಿ?"

"ಒಳಗಿದ್ದಾಳೆ. ಅಕ್ಕ, ಒಂದು ಮಾತು ಕೇಳು..."

ಕೇಳುವ ವ್ಯವಧಾನ ಅವಳಿಗೆಲ್ಲಿ? ಒಳಗೆ ನುಗ್ಗಿದಳು.

ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಎದುರಿಗೆ ಸ್ಟೂಲಿನ ಮೇಲೆ ತಂಬಿಗೆಗೆ ಒರಗಿಸಿಟ್ಟ ಮೊಬೈಲ್. ಶಹನಾಯಿ ಕೇಳುತ್ತಿತ್ತು. ಆ ಶಹನಾಯಿ ವನಮಾಲಳಿಗೆ ಬಾಯಿಪಾಠ.

"ದಿನಾ ಇದೇ ಕೊನೇ ಕಂತು ಹಾಕಿಸ್ಕೊಂಡು ನೋಡ್ತಾರೆ ಅತ್ತಿಗೆ," ಎಂದಳು ಬಾಗಿಲಲ್ಲಿ ನಿಂತ ನಾದಿನಿ ರೇವತಿ. "ಹಾಕದೇ ಇದ್ರೆ ಊಟ ಮುಟ್ಟಲ್ಲ."

ವನಮಾಲ ಮಂಚದ ಪಕ್ಕ ಕುಸಿದು ಅಮ್ಮನ ಕಾಲು ಹಿಡಿದುಕೊಂಡಳು.

"ಅಮ್ಮ, ನನ್ನದು ತಪ್ಪಾಯ್ತಮ್ಮ."

ಅಮ್ಮ ಬಗ್ಗಿ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ಏಳಮ್ಮ, ಏಳು. ಯಾರ ಮನೆ ಮಗಳು ನೀನು? ಯಾಕಿಷ್ಟು ಅಳ್ತೀಯ?"

"ನಾನಮ್ಮ, ವನಮಾಲ."

"ವನಮಾಲ ನನ್ನ ಮಗಳು," ಎಂದಳು ಅಮ್ಮ, ತಿದ್ದುವವಳ ಹಾಗೆ. "ಬಂದು ಹೋದ್ಲಲ್ಲ. ಎಲ್ಲಾರ ಎದುರಿಗೆ, ಅಮ್ಮನ ಕೈಯೇ ಬೇಕು ಅಂದ್ಲು. ನನ್ನ ಮಗಳು ಬಂಗಾರ. ಕೈತುಂಬಾ ತುಂಬಿ ಕಳಿಸ್ದೆ."

ಅಮ್ಮನ ಮುಖದ ತುಂಬಾ ನಗು. ಅಂಥ ನಗುವನ್ನು ವನಮಾಲ ನೋಡಿದ್ದು ಅಪ್ಪ ಇದ್ದ ಕಾಲದಲ್ಲಿ.

"ಅದು ಸೀರಿಯಲ್ಲಮ್ಮ! ನಿನ್ನ ಮಗಳು ನಾನು. ನೋಡು ಇಲ್ಲಿ. ನನಗೆ ಮಡಿಲು ತುಂಬಮ್ಮ." ಅವಳು ಸೆರಗು ಬಿಡಿಸಿ ಒಡ್ಡಿದಳು.

ಅಮ್ಮನಿಗೆ ಕನಿಕರವಾಯಿತು. ಪರರ ಮಕ್ಕಳ ಮೇಲೆ ಬರುವ ಕನಿಕರ. ವನಮಾಲಳ ತಲೆ ಸವರಿದಳು.

"ನಾನ್ಯಾಕಮ್ಮ ತುಂಬಲಿ? ನಿನಗೆ ತಾಯಿ ಇಲ್ವಾ? ಹೋಗು, ನಿಮ್ಮಮ್ಮ ಕಾಯ್ತಿರ್ತಾಳೆ."

ಅಡುಗೆಮನೆಯಲ್ಲಿ ಶ್ರೀಕಂಠ ಕಾಫಿ ಲೋಟ ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ.

"ಯಾವಾಗಿಂದ ಹೀಗೆ?"

"ಶಿವರಾತ್ರಿವರೆಗೂ ಗುರುತು ಹಿಡೀತಿದ್ಲು. ದಿನಾ ಕೇಳೋಳು, ವನು ಯಾವಾಗ ಬರ್ತಾಳೆ ಅಂತ. ಮಧ್ಯಾಹ್ನವೇ ನಿನ್ನ ಫೋನ್ ಸಿಗೋದು ಅಂತ ಮಧ್ಯಾಹ್ನವೇ ಮಾಡ್ತಿದ್ದೆ. ನೀನು ಕಟ್ ಮಾಡ್ತಿದ್ದೆ. ಅಮ್ಮ ಪಕ್ಕದಲ್ಲೇ ಕೂತಿರೋಳು, ಮಾತಾಡ್ತೀನಿ ಅಂತ."

ವನಮಾಲ ತಲೆ ತಗ್ಗಿಸಿದಳು.

"ಆಮೇಲೆ ಒಂದು ದಿನ ಕೇಳೋದು ನಿಲ್ಲಿಸಿಬಿಟ್ಲು ಅಕ್ಕ. ಮಗಳು ಬಂದು ಹೋದ್ಲು ಅಂದ್ಲು."

ಒಂದು ವಾರ ಅಲ್ಲೇ ಇದ್ದಳು. ತಲೆ ಬಾಚಿದಳು, ಊಟ ಮಾಡಿಸಿದಳು, ಹಳೇ ಫೋಟೋ ತೋರಿಸಿದಳು. ಅಮ್ಮ ಎಲ್ಲಕ್ಕೂ, "ನೀನು ಒಳ್ಳೇಳು ಕಣಮ್ಮ," ಅಂದಳು. ಮೂರು ಗಂಟೆಯಾದರೆ ಮೊಬೈಲ್ ಹಾಕಿಸಿಕೊಂಡು ಮಗಳನ್ನು ಬರಮಾಡಿಕೊಂಡಳು. ಎಂಟನೇ ದಿನ ವನಮಾಲ ಬರಿಗೈಯಲ್ಲಿ ಹೊರಟಳು.

ಆಶ್ರಮಕ್ಕೆ ಬಂದಾಗ ತಾತ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವಳು ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಒಂದು ಹನಿ ಕಣ್ಣೀರು ಬರಲಿಲ್ಲ. ಇಷ್ಟು ದಿನ ಅತ್ತು ಅತ್ತು ಎಲ್ಲಾ ಖಾಲಿಯಾಗಿತ್ತೋ ಏನೋ.

"ನನ್ನ ಜಾಗದಲ್ಲಿ ಆ ಬಣ್ಣ ಬಳ್ಕೊಂಡ ಹುಡುಗಿ ಕೂತಿದ್ದಾಳೆ ತಾತ," ಎಂದಳು. "ಇನ್ನು ಆ ಸೀರಿಯಲ್ ನೋಡಲ್ಲ. ಅವಳ ಮುಖ ಕಂಡ್ರೆ ಮೈ ಉರಿಯುತ್ತೆ."

"ನಿಮ್ಮಮ್ಮ ನಗ್ತಿದ್ಲು ಅಂದೆ."

"ನಗ್ತಾಳೆ."

"ಅವಳ ಗಾಯ ಮಾಯ್ದಿದೆ ಹಾಗಾದ್ರೆ. ನಿನಗೆ ಸಂತೋಷ ಆಗಲಿಲ್ವಾ?"

ವನಮಾಲ ಹಲ್ಲು ಕಚ್ಚಿದಳು.

"ಇಲ್ಲ. ನಿಮ್ಮ ಹತ್ರ ಸುಳ್ಳು ಯಾಕೆ ಹೇಳಲಿ? ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು. ಅವಳು ನನ್ನಮ್ಮ. ಬೈಯಲಿ, ಮುಖಕ್ಕೆ ಉಗೀಲಿ, ಬಾಗಿಲಿಂದ ಆಚೆ ತಳ್ಳಲಿ, ನನಗೇ ಮಾಡಲಿ. ಅವಳಿಗೆ ಮಗಳು ಅಂತ ಇರೋದು ನಾನೊಬ್ಬಳೇ."

ತಾತನ ಕೈ ನಿಂತಿತು. ಅವಳ ಮುಖ ನೋಡಿದರು.

"ಈಗ ಮಗಳಾದೆ, ವನಮಾಲ," ಎಂದರು. "ಅವಳಿಗೆ ಮಗಳು ಬೇಕಿಲ್ಲದ ಹೊತ್ತಿಗೆ."